ಕೋಚ್‌ನ ಕೆಲಸ, ಮೆಂಟರ್‌ನ ಋಣ

ಕಳೆದ ಎರಡು ಮೂರು ದಶಕಗಳಲ್ಲಿ ಕೋಚ್ ಮತ್ತು ಮೆಂಟರ್ ಎಂಬ ಎರಡು ಪದಗಳು ಆಟದ ಮೈದಾನವನ್ನೂ ದೊಡ್ಡ ಕಂಪನಿಗಳ ಕಚೇರಿಗಳನ್ನೂ ದಾಟಿ, ಕಾಲೇಜುಗಳ ಕಡತಗಳಿಗೆ, ಸ್ಟಾರ್ಟ್‌ಅಪ್‌ಗಳ ಜಾಹೀರಾತುಗಳಿಗೆ, ಕೊನೆಗೆ ಬದುಕು ಬದಲಿಸಿಕೊಡುವ ಭರವಸೆಯನ್ನು ಮೊಬೈಲ್ ಪರದೆಯ ಮೇಲೆ ಮಾರುವ ವೀಡಿಯೊಗಳಿಗೂ ಹಬ್ಬಿಕೊಂಡಿವೆ. ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವವರೇ ಹೆಚ್ಚು. ವ್ಯತ್ಯಾಸವನ್ನು ಹೇಳಹೊರಟವರು ಕೂಡ ಸಾಮಾನ್ಯವಾಗಿ, ಕೋಚ್ ಆದವರು ಪ್ರಶ್ನೆ ಕೇಳುತ್ತಾರೆ, ಮೆಂಟರ್ ಆದವರು ಉತ್ತರ ಹೇಳುತ್ತಾರೆ ಎಂಬ ಸೂತ್ರವೊಂದನ್ನು ಕೊಟ್ಟು ಸುಮ್ಮನಾಗುತ್ತಾರೆ. ಈ ಸೂತ್ರ ಸುಳ್ಳೇನಲ್ಲ. ಆದರೆ ಅದು ಮಾತಿನ ಧಾಟಿಯನ್ನಷ್ಟೇ ಗುರುತಿಸಿ, ಈ ಇಬ್ಬರು ಯಾವುದಕ್ಕೆ ಒಪ್ಪಿಕೊಂಡಿರುತ್ತಾರೆ, ಯಾರಿಗೆ ಲೆಕ್ಕ ಒಪ್ಪಿಸಬೇಕಾಗಿರುತ್ತದೆ, ತಮ್ಮದೆಂಬ ಏನನ್ನು ಪಣಕ್ಕಿಡುತ್ತಾರೆ ಎಂಬ ಹೆಚ್ಚು ಮುಖ್ಯವಾದ ಸಂಗತಿಗಳನ್ನು ಕೈಬಿಡುತ್ತದೆ. ಕೋಚ್ ಒಂದು ಕೆಲಸವನ್ನು ಒಪ್ಪಿಕೊಂಡವರು, ಮೆಂಟರ್ ಒಬ್ಬ ವ್ಯಕ್ತಿಯನ್ನು ಒಪ್ಪಿಕೊಂಡವರು ಎಂದರೆ ವಿಷಯದ ತಿರುಳಿಗೆ ಸ್ವಲ್ಪ ಹತ್ತಿರ ಹೋದಂತಾಗುತ್ತದೆ.

ಕರ್ನಾಟಕದ ಓದುಗರ ಮಟ್ಟಿಗೆ ಈ ಚರ್ಚೆಗೆ ಮೊದಲೇ ಒಂದು ತೊಡಕನ್ನು ಬದಿಗೆ ಸರಿಸಬೇಕಾಗುತ್ತದೆ. ಧಾರವಾಡದ ಸಪ್ತಾಪುರದಲ್ಲಿ ಅಥವಾ ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್ ಎಂದರೆ ಕೆಎಎಸ್, ಪಿಎಸ್‌ಐ ಅಥವಾ ಬ್ಯಾಂಕ್ ಪರೀಕ್ಷೆಗೆ ನೂರಾರು ಅಭ್ಯರ್ಥಿಗಳನ್ನು ಒಂದೇ ಸಭಾಂಗಣದಲ್ಲಿ ಕೂರಿಸಿ ಮಾಡುವ ಪಾಠ ಎಂದೇ ಅರ್ಥ. ನೀಟ್, ಜೆಇಇ ತರಗತಿಗಳೂ ಇದೇ ಹೆಸರಿನಲ್ಲಿ ನಡೆಯುತ್ತವೆ. ಹದಿನಾರು ವರ್ಷದೊಳಗಿನ ಮಕ್ಕಳನ್ನು ಇಂತಹ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದ್ದು ಕೂಡ ಈ ಅರ್ಥದ ಕೋಚಿಂಗ್ ಕುರಿತಾಗಿಯೇ. ಅಲ್ಲಿ ನಡೆಯುವುದು ಬೋಧನೆ: ಗೊತ್ತಿರುವವರು ಗೊತ್ತಿಲ್ಲದವರಿಗೆ ವಿಷಯವನ್ನು ದಾಟಿಸುತ್ತಾರೆ. ವೃತ್ತಿ ಮತ್ತು ವ್ಯಕ್ತಿತ್ವದ ಬೆಳವಣಿಗೆಯ ಸಂದರ್ಭದಲ್ಲಿ ಬಳಕೆಯಾಗುವ ಕೋಚಿಂಗ್ ಹುಟ್ಟಿಕೊಂಡದ್ದೇ ಬೋಧನೆಯ ಬಗೆಗಿನ ಒಂದು ಅತೃಪ್ತಿಯಿಂದ.

ಆ ಅತೃಪ್ತಿಯನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವರು ಹಾರ್ವರ್ಡ್ ವಿಶ್ವವಿದ್ಯಾಲಯದ ಟೆನಿಸ್ ತಂಡದ ನಾಯಕರಾಗಿದ್ದು ಮುಂದೆ ಟೆನಿಸ್ ಕಲಿಸುವುದನ್ನೇ ವೃತ್ತಿಯಾಗಿಸಿಕೊಂಡ ಅಮೆರಿಕದ ಟಿಮೊತಿ ಗಾಲ್‌ವೇ. 1974ರಲ್ಲಿ ಪ್ರಕಟವಾದ ಅವರ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಪುಸ್ತಕದ ವಾದ ಸರಳವಾದದ್ದು. ಆಟಗಾರನೊಳಗೆ ಸದಾ ಅಪ್ಪಣೆ ಕೊಡುತ್ತ, ತಪ್ಪು ಹುಡುಕುತ್ತ ಕೂರುವವನೊಬ್ಬನೂ, ನಿಜವಾಗಿ ಆಡುವವನೊಬ್ಬನೂ ಇರುತ್ತಾರೆ. ಹೊರಗಿನಿಂದ ಸೂಚನೆಗಳು ಹೆಚ್ಚಿದಷ್ಟೂ ಮೊದಲನೆಯವನ ಗದ್ದಲ ಹೆಚ್ಚಿ ಎರಡನೆಯವನ ಕೈ ಕಟ್ಟಿಹೋಗುತ್ತದೆ. ಆದ್ದರಿಂದ ಗಾಲ್‌ವೇ, ಮಣಿಕಟ್ಟನ್ನು ಹೀಗೆ ತಿರುಗಿಸು, ಕಾಲನ್ನು ಹಾಗೆ ಇಡು ಎಂದು ಹೇಳುವುದನ್ನು ಬಿಟ್ಟು, ಚೆಂಡು ನೆಲಕ್ಕೆ ಬಡಿದ ಕ್ಷಣ ‘ಬೌನ್ಸ್’ ಎಂದೂ ರ‍್ಯಾಕೆಟ್‌ಗೆ ತಗುಲಿದ ಕ್ಷಣ ‘ಹಿಟ್’ ಎಂದೂ ಆಟಗಾರರೇ ಗಟ್ಟಿಯಾಗಿ ಹೇಳುತ್ತ ಆಡುವಂತೆ ಮಾಡಿದರು. ಗಮನವೆಲ್ಲ ಚೆಂಡಿನ ಮೇಲೆ ನಿಂತಾಗ ಒಳಗಿನ ಟೀಕಾಕಾರ ತಣ್ಣಗಾಗುತ್ತಾನೆ, ಹೊಡೆತ ತಾನಾಗಿಯೇ ಸುಧಾರಿಸುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಕಲಿಸುವವರ ಕೆಲಸ ತುಂಬುವುದಕ್ಕಿಂತ ಅಡ್ಡಿ ತೆಗೆಯುವುದು ಎಂಬ ಈ ದೃಷ್ಟಿಯನ್ನು ಉದ್ಯೋಗ ಜಗತ್ತಿಗೆ ಒಯ್ದವರಲ್ಲಿ ಪ್ರಮುಖರು ಬ್ರಿಟನ್ನಿನ ಜಾನ್ ವಿಟ್‌ಮೋರ್. ಕಾರ್ ರೇಸಿಂಗ್ ಚಾಂಪಿಯನ್ ಆಗಿದ್ದ ಇವರು 1992ರಲ್ಲಿ ಬರೆದ ‘ಕೋಚಿಂಗ್ ಫಾರ್ ಪರ್ಫಾರ್ಮೆನ್ಸ್’ ಇಂದಿಗೂ ಈ ವೃತ್ತಿಯ ಮೂಲ ಪಠ್ಯಗಳಲ್ಲೊಂದು. ಗ್ರೋ ಎಂಬ ಹೆಸರಿನಿಂದ ಪ್ರಸಿದ್ಧವಾದ ನಾಲ್ಕು ಹೆಜ್ಜೆಗಳ ಕ್ರಮ, ಅಂದರೆ ಗುರಿ ಏನು, ಸದ್ಯದ ವಾಸ್ತವ ಏನು, ಇರುವ ದಾರಿಗಳು ಯಾವುವು, ಅವುಗಳಲ್ಲಿ ಯಾವುದನ್ನು ಯಾವಾಗ ಹಿಡಿಯುವ ಸಂಕಲ್ಪವಿದೆ ಎಂದು ವಿಚಾರಿಸುತ್ತ ಹೋಗುವ ಕ್ರಮ, ವ್ಯಾಪಕವಾಗಿ ಹರಡಿದ್ದು ಈ ಪುಸ್ತಕದ ಮೂಲಕ.

ಸರ್ಕಾರಿ ಬ್ಯಾಂಕೊಂದರ ಶಾಖೆಯ ವ್ಯವಸ್ಥಾಪಕಿಯೊಬ್ಬರು ದಿನವೂ ರಾತ್ರಿ ಎಂಟರವರೆಗೆ ಕಚೇರಿಯಲ್ಲೇ ಉಳಿಯಬೇಕಾಗಿದೆ, ಕೈಕೆಳಗಿನವರಿಗೆ ಕೆಲಸ ವಹಿಸಿಕೊಡಲು ಅವರಿಗೆ ಮನಸ್ಸು ಬರುತ್ತಿಲ್ಲ, ಮುಂದಿನ ಬಡ್ತಿಯ ಸಂದರ್ಶನವೂ ಹತ್ತಿರದಲ್ಲಿದೆ ಎಂದು ಭಾವಿಸಬಹುದು. ಅವರು ಕೋಚ್ ಬಳಿಗೆ ಹೋದರೆ ಮಾತು ಆರಂಭವಾಗುವುದು, ಮೂರು ತಿಂಗಳ ನಂತರ ಯಾವ ಹೊತ್ತಿಗೆ ಮನೆ ಸೇರುವಂತಾಗಬೇಕು ಎಂಬಂತಹ ಅಳೆಯಬಹುದಾದ ಪ್ರಶ್ನೆಯಿಂದ. ಅನಂತರ, ಕಳೆದ ವಾರ ತಾವೇ ಕುಳಿತು ಮುಗಿಸಿದ ಕಡತಗಳಲ್ಲಿ ಎಷ್ಟು ಕಡತಗಳನ್ನು ಸಹಾಯಕ ವ್ಯವಸ್ಥಾಪಕರು ಮುಗಿಸಬಹುದಿತ್ತು, ಕೊಡದೆ ಉಳಿಸಿಕೊಂಡಾಗ ಮನಸ್ಸಿನಲ್ಲಿ ಇದ್ದ ಅಳುಕು ಯಾವುದು, ಹಿಂದೆ ಯಾರಿಗಾದರೂ ನಂಬಿ ಕೊಟ್ಟಾಗ ಏನಾಯಿತು ಎಂದು ವಿಚಾರಣೆ ಮುಂದುವರಿದು, ಬರುವ ಸೋಮವಾರದಿಂದ ಯಾವ ಒಂದು ಕೆಲಸವನ್ನು ಯಾರಿಗೆ ಬಿಟ್ಟುಕೊಡಲಾಗುವುದು ಎಂಬ ತೀರ್ಮಾನಕ್ಕೆ ಬಂದು ನಿಲ್ಲುತ್ತದೆ. ಎರಡು ವಾರಗಳ ನಂತರದ ಭೇಟಿಯಲ್ಲಿ ಆ ತೀರ್ಮಾನ ಏನಾಯಿತು ಎಂಬುದೇ ಮೊದಲ ಪ್ರಶ್ನೆ. ಅದೇ ವ್ಯವಸ್ಥಾಪಕಿ, ಅದೇ ಬ್ಯಾಂಕಿನಲ್ಲಿ ವಲಯ ವ್ಯವಸ್ಥಾಪಕರಾಗಿ ನಿವೃತ್ತರಾದ ಹಿರಿಯರೊಬ್ಬರ ಬಳಿ ಹೋದರೆ ಮಾತಿನ ದಾರಿಯೇ ಬೇರೆಯಾಗುತ್ತದೆ. ‘ನೋಡಮ್ಮ, ಆಡಿಟ್‌ನವರು ಬರುವ ಮುಂಚೆ ಸಾಲದ ಕಡತಗಳನ್ನು ಮಾತ್ರ ನೀನೇ ನೋಡು, ಉಳಿದದ್ದನ್ನು ಬಿಡು’ ಎಂದು ಅವರು ನೇರವಾಗಿಯೇ ಹೇಳಬಹುದು. ಈ ಬಡ್ತಿ ಒಪ್ಪಿಕೊಂಡರೆ ಹೊರರಾಜ್ಯಕ್ಕೆ ವರ್ಗವಾಗುವ ಸಾಧ್ಯತೆಯನ್ನೂ, ಮಗಳು ಹತ್ತನೆಯ ತರಗತಿಗೆ ಬರುವ ವರ್ಷದಲ್ಲಿ ಅದರಿಂದಾಗುವ ತಾಪತ್ರಯವನ್ನೂ, ಬೇಡವೆಂದರೆ ಮತ್ತೆ ಅವಕಾಶ ಬರಲು ಎಷ್ಟು ಕಾಲ ಹಿಡಿಯಬಹುದು ಎಂಬುದನ್ನೂ ತಮ್ಮ ಮತ್ತು ತಮ್ಮ ಸಹೋದ್ಯೋಗಿಗಳ ಅನುಭವದಿಂದ ಬಿಡಿಸಿಡಬಹುದು. ರಾತ್ರಿ ಎಂಟರ ಸಮಸ್ಯೆ ಅವರ ಕೈಯಲ್ಲಿ ಬಗೆಹರಿಯದೆ ಉಳಿಯಲೂಬಹುದು. ಆದರೆ ಆ ಸಮಸ್ಯೆಯನ್ನು ಒಳಗೊಂಡ ಇಡೀ ವೃತ್ತಿಜೀವನದ ನಕ್ಷೆ ಆಕೆಯ ಕೈಗೆ ಸಿಗುತ್ತದೆ.

ಮೇಲಿನ ಉದಾಹರಣೆಯ ಕೋಚ್ ಒಂದು ದಿನವೂ ಬ್ಯಾಂಕಿನಲ್ಲಿ ದುಡಿದಿರಬೇಕಾಗಿಲ್ಲ ಎಂಬುದು ಹಲವರಿಗೆ ವಿಚಿತ್ರವಾಗಿ ಕಾಣುವ ಸಂಗತಿ. ಈ ವೃತ್ತಿಯಲ್ಲಿ ಅರ್ಹತೆಯನ್ನು ಅಳೆಯುವುದು ಕ್ಷೇತ್ರದ ಅನುಭವದಿಂದಲ್ಲ, ಕೋಚಿಂಗ್ ಮಾಡಿದ ಗಂಟೆಗಳಿಂದ. 1995ರಲ್ಲಿ ಅಮೆರಿಕದಲ್ಲಿ ಥಾಮಸ್ ಲಿಯೊನಾರ್ಡ್ ಎಂಬ ಹಣಕಾಸು ಸಲಹೆಗಾರರ ಮುಂದಾಳತ್ವದಲ್ಲಿ ಆರಂಭವಾದ, ಈಗ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಎಂಬ ಹೆಸರಿನ ಸಂಸ್ಥೆ ಮೂರು ಹಂತಗಳ ಪ್ರಮಾಣಪತ್ರ ಕೊಡುತ್ತದೆ. ಮೊದಲ ಹಂತಕ್ಕೆ 60 ಗಂಟೆಗಳ ಶಿಕ್ಷಣದ ಜೊತೆಗೆ 100 ಗಂಟೆಗಳ ಕೋಚಿಂಗ್ ಅನುಭವ, ಎರಡನೆಯದಕ್ಕೆ 125 ಗಂಟೆಗಳ ಶಿಕ್ಷಣ ಮತ್ತು 500 ಗಂಟೆಗಳ ಅನುಭವ, ಮೂರನೆಯದಕ್ಕೆ 200 ಗಂಟೆಗಳ ಶಿಕ್ಷಣ ಮತ್ತು 2,500 ಗಂಟೆಗಳ ಅನುಭವ ಬೇಕು. ಇದಲ್ಲದೆ ಕೋಚಿಂಗ್‌ಗೆ ಲಿಖಿತ ಒಪ್ಪಂದವಿರುತ್ತದೆ. ಎಷ್ಟು ಭೇಟಿಗಳು, ಎಷ್ಟು ಶುಲ್ಕ, ಯಾವ ಗುರಿ ಎಂಬುದೆಲ್ಲ ಅದರಲ್ಲಿ ನಮೂದಾಗುತ್ತದೆ. ಕಂಪನಿಯೇ ಹಣ ಕೊಟ್ಟು ತನ್ನ ಅಧಿಕಾರಿಗೆ ಕೋಚ್ ಗೊತ್ತುಮಾಡಿದಾಗ ಇದು ಮೂರು ಪಕ್ಷಗಳ ಒಪ್ಪಂದವಾಗುತ್ತದೆ. ಭೇಟಿಯಲ್ಲಿ ಆಡಿದ ಮಾತುಗಳಲ್ಲಿ ಯಾವುದು ಕಂಪನಿಗೆ ತಲುಪಬಹುದು, ಯಾವುದು ತಲುಪಕೂಡದು ಎಂಬುದನ್ನು ಮೊದಲ ದಿನವೇ ಬಗೆಹರಿಸಿಕೊಳ್ಳದಿದ್ದರೆ ಆಮೇಲೆ ನಡೆಯುವ ಮಾತುಕತೆಗೆ ಬೆಲೆಯಿರುವುದಿಲ್ಲ.

ಕೋಚ್ ಬೇಕಾಗುವುದು ಕಲಿಯುವವರಿಗೆ, ಪಳಗಿದವರಿಗಲ್ಲ ಎಂಬ ಸಾಮಾನ್ಯ ನಂಬಿಕೆಯನ್ನು ಅಲುಗಾಡಿಸಿದ ಬರಹವೊಂದು 2011ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೆದವರು ಭಾರತೀಯ ಮೂಲದ ಅಮೆರಿಕನ್ ಶಸ್ತ್ರವೈದ್ಯ ಅತುಲ್ ಗವಾಂಡೆ. ಎಂಟು ವರ್ಷಗಳ ವೃತ್ತಿಯ ನಂತರ ತಮ್ಮ ಕೌಶಲ ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿದೆ ಎಂದು ಅನಿಸಿದಾಗ, ಟೆನಿಸ್ ಆಟಗಾರರಿಗೆ ಜೀವನವಿಡೀ ಕೋಚ್ ಇರುವುದಾದರೆ ಶಸ್ತ್ರವೈದ್ಯರಿಗೆ ಏಕಿರಬಾರದು ಎಂದು ಯೋಚಿಸಿ, ತಾವು ಹಿಂದೆ ತರಬೇತಿ ಪಡೆದಿದ್ದ ರಾಬರ್ಟ್ ಆಸ್ಟೀನ್ ಎಂಬ ನಿವೃತ್ತ ಹಿರಿಯ ಶಸ್ತ್ರವೈದ್ಯರನ್ನು ಶಸ್ತ್ರಚಿಕಿತ್ಸೆಯ ಕೊಠಡಿಗೆ ಕರೆದು, ಸುಮ್ಮನೆ ನಿಂತು ನೋಡಿ ಅನಿಸಿದ್ದನ್ನು ಹೇಳಬೇಕೆಂದು ಕೇಳಿಕೊಂಡರು. ಗವಾಂಡೆಯವರ ದೃಷ್ಟಿಯಲ್ಲಿ ಆ ದಿನದ ಥೈರಾಯ್ಡ್ ಶಸ್ತ್ರಚಿಕಿತ್ಸೆ ಕೊರತೆಯಿಲ್ಲದೆ ಮುಗಿದಿತ್ತು. ಆಸ್ಟೀನ್ ಗುರುತು ಹಾಕಿಕೊಂಡದ್ದು ಮಾತ್ರ ಬೇರೆಯೇ: ಆಗಾಗ ಮೊಣಕೈ ಮೇಲಕ್ಕೆದ್ದು ಕೈಯ ನಿಖರತೆ ತಪ್ಪುತ್ತಿತ್ತು, ಮೇಲಿನ ದೀಪ ಜರುಗಿ ಗಾಯದ ಮೇಲೆ ಬೆಳಕು ನೇರವಾಗಿ ಬೀಳದೆ ಹೋದದ್ದು ಶಸ್ತ್ರವೈದ್ಯರ ಗಮನಕ್ಕೇ ಬಂದಿರಲಿಲ್ಲ, ರೋಗಿಯ ಸುತ್ತ ಬಟ್ಟೆ ಹೊದಿಸಿದ ರೀತಿ ಮುಖ್ಯ ವೈದ್ಯರಿಗೆ ಅನುಕೂಲವಾಗಿದ್ದರೂ ಎದುರು ನಿಂತ ಸಹಾಯಕರ ಕೈಗೆ ಜಾಗ ಬಿಟ್ಟಿರಲಿಲ್ಲ. ಇವಾವುವೂ ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕದಲ್ಲಿ ಇರುವ ವಿಷಯಗಳಲ್ಲ, ಅಥವಾ ಗವಾಂಡೆಯವರಿಗೆ ಗೊತ್ತಿಲ್ಲದವೂ ಅಲ್ಲ. ಮಾಡುತ್ತಿರುವವರಿಗೆ ತಾವು ಮಾಡುತ್ತಿರುವುದು ಕಾಣುವುದಿಲ್ಲ ಎಂಬುದಷ್ಟೇ ಕಾರಣ. ಇಲ್ಲಿ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಆಸ್ಟೀನ್ ಪ್ರಶ್ನೆ ಕೇಳುವುದಕ್ಕಿಂತ ಹೆಚ್ಚಾಗಿ ನೇರವಾಗಿಯೇ ಹೇಳಿದರು, ಅವರು ಅದೇ ಕ್ಷೇತ್ರದ ಹಿರಿಯರೂ ಆಗಿದ್ದರು. ಆದರೂ ಅವರು ಅಲ್ಲಿ ಮಾಡಿದ್ದು ಕೋಚ್‌ನ ಕೆಲಸವೇ, ಏಕೆಂದರೆ ಅವರ ಕಣ್ಣು ಗವಾಂಡೆಯವರ ಭವಿಷ್ಯದ ಮೇಲಿರದೆ ಅವರ ಮೊಣಕೈ ಮೇಲಿತ್ತು. ಕೇಳುವವರು ಕೋಚ್, ಹೇಳುವವರು ಮೆಂಟರ್ ಎಂಬ ಸೂತ್ರ ಸಾಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಮೆಂಟರಿಂಗ್ ಕುರಿತ ವ್ಯವಸ್ಥಿತ ಅಧ್ಯಯನ ಹಿರಿಯರಿಂದ ಕಿರಿಯರಿಗೆ ಸಲಹೆ ಎಂಬ ಹಳೆಯ ರೂಢಿಯಷ್ಟು ಹಳೆಯದಲ್ಲ. ಮನೋವಿಜ್ಞಾನಿ ಡೇನಿಯಲ್ ಲೆವಿನ್ಸನ್ 1978ರ ತಮ್ಮ ಪುಸ್ತಕದಲ್ಲಿ, ಯೌವನದಿಂದ ನಡುವಯಸ್ಸಿನತ್ತ ಸಾಗುವವರ ಬದುಕಿನಲ್ಲಿ ಮೆಂಟರ್ ಸಂಬಂಧಕ್ಕಿರುವ ಮಹತ್ವವನ್ನು ಚರ್ಚಿಸಿದರು. ಕ್ಯಾಥಿ ಕ್ರ್ಯಾಮ್ ಅಮೆರಿಕದ ದೊಡ್ಡ ಸಂಸ್ಥೆಯೊಂದರಲ್ಲಿ ಇಂತಹ 18 ಸಂಬಂಧಗಳನ್ನು ಆಳವಾಗಿ ಅಭ್ಯಸಿಸಿ 1983ರಲ್ಲಿ ಪ್ರಬಂಧವನ್ನೂ, 1985ರಲ್ಲಿ ‘ಮೆಂಟರಿಂಗ್ ಅಟ್ ವರ್ಕ್’ ಎಂಬ ಪುಸ್ತಕವನ್ನೂ ಪ್ರಕಟಿಸಿದರು. ಮೆಂಟರ್ ಆದವರು ನೆರವಾಗುವುದು ಎರಡು ದಿಕ್ಕಿನಲ್ಲಿ ಎಂಬುದು ಕ್ರ್ಯಾಮ್ ಅವರ ಮುಖ್ಯ ನಿರೂಪಣೆ. ಒಂದು ವೃತ್ತಿಯ ದಿಕ್ಕು: ಕಿರಿಯರ ಪರವಾಗಿ ಮಾತನಾಡುವುದು, ಮೇಲಿನವರ ಕಣ್ಣಿಗೆ ಬೀಳುವಂತೆ ಮಾಡುವುದು, ಕಷ್ಟದ ಕೆಲಸ ಕೊಟ್ಟು ನೋಡುವುದು, ಎಡವಿದಾಗ ಕಾಯುವುದು, ಮತ್ತು ಕೋಚಿಂಗ್. ಇನ್ನೊಂದು ಮನಸ್ಸಿನ ದಿಕ್ಕು: ಮಾದರಿಯಾಗಿ ನಿಲ್ಲುವುದು, ಇದ್ದಂತೆ ಒಪ್ಪಿಕೊಳ್ಳುವುದು, ಅಳಲಿಗೆ ಕಿವಿಗೊಡುವುದು, ಸ್ನೇಹ. ಕೋಚಿಂಗ್ ಈ ಪಟ್ಟಿಯೊಳಗಿನ ಒಂದು ಅಂಶವಾಗಿ ಬಂದಿರುವುದು ಗಮನಾರ್ಹ. ಅಂದರೆ ಮೆಂಟರ್ ಆದವರು ಅಗತ್ಯಬಿದ್ದಾಗ ಕೋಚ್ ಆಗಬಲ್ಲರು; ಕೋಚ್ ಆದವರು ಒಪ್ಪಂದದ ಹೊರಗೆ ಕಾಲಿಡದೆ ಮೆಂಟರ್ ಆಗಲಾರರು.

ಕ್ರ್ಯಾಮ್ ಗುರುತಿಸಿದ ಇನ್ನೊಂದು ಸಂಗತಿ ಈ ಸಂಬಂಧಕ್ಕಿರುವ ಕಾಲಮಾನ. ಪರಿಚಯ ಬೆಳೆಯುವ ಮೊದಲ ಘಟ್ಟ, ಕೊಟ್ಟು ಪಡೆಯುವ ಕೆಲವು ವರ್ಷಗಳ ಎರಡನೆಯ ಘಟ್ಟ, ಕಿರಿಯರು ತಮ್ಮ ಕಾಲ ಮೇಲೆ ನಿಲ್ಲತೊಡಗಿ ದೂರವಾಗುವ ಮೂರನೆಯ ಘಟ್ಟ, ಅನಂತರ ಇಬ್ಬರೂ ಸಮಾನರಾಗಿ ಭೇಟಿಯಾಗುವ ನಾಲ್ಕನೆಯ ಘಟ್ಟ ಎಂದು ಅವರು ಇದನ್ನು ವಿಂಗಡಿಸಿದರು. ಮೂರನೆಯ ಘಟ್ಟ ಸುಲಭವಲ್ಲ. ಕಿರಿಯರಿಗೆ ಉಪಕಾರ ಮರೆಯುತ್ತಿದ್ದೇವೇನೋ ಎಂಬ ಅಳುಕು, ಹಿರಿಯರಿಗೆ ಕೈಬಿಟ್ಟರೆಂಬ ಕಸಿವಿಸಿ, ಕೆಲವೊಮ್ಮೆ ತಮ್ಮನ್ನು ಮೀರಿಸಿ ಹೋದರೆಂಬ ಅಸೂಯೆ. ಕೋಚಿಂಗ್‌ನಲ್ಲಿ ಈ ಕಷ್ಟವಿಲ್ಲ, ಏಕೆಂದರೆ ಅಲ್ಲಿ ಮುಕ್ತಾಯದ ದಿನಾಂಕವನ್ನು ಮೊದಲೇ ಬರೆದಿಡಲಾಗುತ್ತದೆ.

ಬರಿಯ ಸಲಹೆಗೂ ಇಂತಹ ದೀರ್ಘ ಸಂಬಂಧಕ್ಕೂ ಇರುವ ವ್ಯತ್ಯಾಸಕ್ಕೆ ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಎಲ್ಲರೂ ಬಲ್ಲ ಉದಾಹರಣೆಯಿದೆ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕುವೆಂಪು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದಾಗ, 1924ರಲ್ಲಿ ಅವುಗಳನ್ನು ನೋಡಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯಿನುಡಿಯಲ್ಲಿ ಬರೆಯುವಂತೆ ಸೂಚಿಸಿದ್ದು ಮತ್ತೆ ಮತ್ತೆ ಉಲ್ಲೇಖವಾಗುವ ಪ್ರಸಂಗ. ಪರಿಣಾಮದ ದೃಷ್ಟಿಯಿಂದ ಅದು ಎಷ್ಟೇ ದೊಡ್ಡದಾದರೂ ಸ್ವರೂಪದಲ್ಲಿ ಅದು ಒಂದು ಸಲಹೆ. ಕೊಟ್ಟವರು ಕೊಟ್ಟು ತಮ್ಮ ದಾರಿ ಹಿಡಿದರು. ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರದು ಹಾಗಲ್ಲ. ಅವರು ಶಿಷ್ಯನ ಓದನ್ನೂ ಬರಹವನ್ನೂ ವರ್ಷಗಳ ಕಾಲ ತಮ್ಮದೆಂಬಂತೆ ನೋಡಿಕೊಂಡವರು. 1939ರಲ್ಲಿ ಅವರು ತೀರಿಕೊಂಡು ಒಂದು ದಶಕ ಕಳೆದ ಮೇಲೆ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ವೆಂಕಣ್ಣಯ್ಯನವರಿಗೆ. ಮೆಂಟರಿಂಗ್ ಎಂಬುದರ ಕಾಲಾವಧಿಯನ್ನು ತಿಂಗಳುಗಳಲ್ಲಿ ಎಣಿಸಹೊರಟರೆ ಇಂತಹ ಸಂಬಂಧವನ್ನು ಯಾವ ಲೆಕ್ಕದಲ್ಲಿ ಸೇರಿಸಬೇಕೆಂದು ತೋಚುವುದಿಲ್ಲ.

ಇದನ್ನೆಲ್ಲ ಗುರುಶಿಷ್ಯ ಪರಂಪರೆಯೆಂದೇ ಕರೆದುಬಿಡಬಹುದಲ್ಲ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದರೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಬಗೆಯ ಸಂಬಂಧದಲ್ಲಿ, ಏನನ್ನು, ಯಾವಾಗ, ಎಷ್ಟು ಕಲಿಸಬೇಕೆಂಬ ಅಧಿಕಾರವೆಲ್ಲ ಗುರುವಿನದು. ಶಿಷ್ಯರ ಪಾಲಿನದು ಶರಣಾಗತಿ ಮತ್ತು ಸಾಧನೆ. ಮೆಂಟರ್ ಮಾತನ್ನು ಕಿರಿಯರು ಕೇಳಿಯೂ ಪಾಲಿಸದಿರಬಹುದು, ಅದರಿಂದ ಸಂಬಂಧ ಮುರಿಯಬೇಕಾಗಿಲ್ಲ. ಸಲಹೆಯನ್ನು ಅಪ್ಪಣೆಯೆಂದು ಭಾವಿಸುವ ಹಿರಿಯರೂ, ಮರುಮಾತಾಡುವುದೇ ಅಗೌರವವೆಂದು ಸುಮ್ಮನಿರುವ ಕಿರಿಯರೂ ಸೇರಿದ ಕಡೆಗಳಲ್ಲಿ, ಅಂದರೆ ನಮ್ಮ ಅನೇಕ ಕಚೇರಿಗಳಲ್ಲಿ ಮತ್ತು ವಿಶ್ವವಿದ್ಯಾಲಯಗಳಲ್ಲಿ, ಮೆಂಟರಿಂಗ್ ಹೆಸರಿನಲ್ಲಿ ನಡೆಯುವುದು ಗುರುತ್ವದ ಅನುಕರಣೆಯೇ ಹೊರತು ಬೇರೇನಲ್ಲ.

ಹೊಣೆಗಾರಿಕೆಯ ವ್ಯತ್ಯಾಸವನ್ನು ಅತ್ಯಂತ ನಿಚ್ಚಳವಾಗಿ ತೋರಿಸುವ ಕ್ಷೇತ್ರ ಕ್ರಿಕೆಟ್, ಏಕೆಂದರೆ ಅಲ್ಲಿ ಎರಡೂ ಹುದ್ದೆಗಳು ಒಂದೇ ಡಗ್‌ಔಟ್‌ನಲ್ಲಿ ಅಕ್ಕಪಕ್ಕ ಕೂರುತ್ತವೆ. 2021ರಲ್ಲಿ ಯುಎಇ ಮತ್ತು ಒಮಾನ್‌ನಲ್ಲಿ ನಡೆದ ಟಿ20 ವಿಶ್ವಕಪ್‌ಗೆ ಭಾರತ ತಂಡದ ಮುಖ್ಯ ಕೋಚ್ ರವಿ ಶಾಸ್ತ್ರಿ; ಮೆಂಟರ್ ಮಹೇಂದ್ರ ಸಿಂಗ್ ಧೋನಿ. ಧೋನಿ ಈ ಕೆಲಸಕ್ಕೆ ಸಂಭಾವನೆ ಪಡೆಯುತ್ತಿಲ್ಲ ಎಂದು ಕ್ರಿಕೆಟ್ ಮಂಡಳಿಯೇ ತಿಳಿಸಿತ್ತು. ಅಭ್ಯಾಸದ ವೇಳಾಪಟ್ಟಿ, ಎದುರಾಳಿಗಳ ವಿಶ್ಲೇಷಣೆ, ಆಡುವ ಹನ್ನೊಂದರ ಆಯ್ಕೆಯ ಚರ್ಚೆ ಇವೆಲ್ಲ ಕೋಚ್ ಮತ್ತು ನಾಯಕರ ಹೊಣೆ. ಮೆಂಟರ್‌ನಿಂದ ನಿರೀಕ್ಷಿಸಿದ್ದು ಅನುಭವ ಮತ್ತು ಸಾನ್ನಿಧ್ಯ. ಭಾರತ ಆ ಸಲ ಸೆಮಿಫೈನಲ್ ತಲುಪಲಿಲ್ಲ. ಇನ್ನೂ ಸ್ಪಷ್ಟವಾದ ಪ್ರಕರಣ ಗೌತಮ್ ಗಂಭೀರ್ ಅವರದು. 2024ರ ಐಪಿಎಲ್ ಗೆದ್ದ ಕೋಲ್ಕತ್ತ ನೈಟ್ ರೈಡರ್ಸ್ ತಂಡದ ಮುಖ್ಯ ಕೋಚ್ ಚಂದ್ರಕಾಂತ್ ಪಂಡಿತ್ ಆಗಿದ್ದರೂ ಗೆಲುವಿನ ಹೊಗಳಿಕೆಯ ದೊಡ್ಡ ಪಾಲು ಸಂದದ್ದು ಮೆಂಟರ್ ಆಗಿದ್ದ ಗಂಭೀರ್‌ಗೆ. ಅದೇ ವರ್ಷದ ಜುಲೈನಲ್ಲಿ ಅವರು ರಾಹುಲ್ ದ್ರಾವಿಡ್ ನಂತರ ಭಾರತ ತಂಡದ ಮುಖ್ಯ ಕೋಚ್ ಆದರು. ವರ್ಷ ಮುಗಿಯುವುದರೊಳಗೆ ನ್ಯೂಜಿಲೆಂಡ್ ವಿರುದ್ಧ ತವರಿನ ಟೆಸ್ಟ್ ಸರಣಿಯಲ್ಲಿ ತಂಡ 0–3ರಿಂದ ಸೋತಾಗ ಟೀಕೆಯ ಬಾಣಗಳು ನೇರವಾಗಿ ಅವರತ್ತ ಹಾರಿದವು. ಮನುಷ್ಯ ಬದಲಾಗಿರಲಿಲ್ಲ, ಹುದ್ದೆ ಬದಲಾಗಿತ್ತು. ಕೋಚ್ ಫಲಿತಾಂಶಕ್ಕೆ ಉತ್ತರಿಸಬೇಕು, ಮೆಂಟರ್‌ಗೆ ಆ ಕಟ್ಟುಪಾಡಿಲ್ಲ. ಅವರು ಪಣಕ್ಕಿಡುವುದು ತಮ್ಮ ಹೆಸರನ್ನು.

ಹೆಸರನ್ನು ಪಣಕ್ಕಿಡುವ ಈ ಅಂಶವನ್ನು ಇತ್ತೀಚಿನ ಸಂಶೋಧಕರು ಬೇರೆಯಾಗಿಯೇ ಗುರುತಿಸುತ್ತಾರೆ. ಸಲಹೆ ಕೊಡುವವರನ್ನು ಮೆಂಟರ್ ಎಂದೂ, ಬಡ್ತಿಯ ನಿರ್ಧಾರವಾಗುವ ಕೊಠಡಿಯಲ್ಲಿ ಕಿರಿಯರ ಹೆಸರನ್ನು ಎತ್ತಿ ತಮ್ಮ ಮಾತಿನ ಬಲದಿಂದ ಅದನ್ನು ಗೆಲ್ಲಿಸಿಕೊಡುವವರನ್ನು ಸ್ಪಾನ್ಸರ್ ಎಂದೂ ಅವರು ವಿಂಗಡಿಸುತ್ತಾರೆ. ಹರ್ಮಿನಿಯಾ ಇಬಾರಾ ಮತ್ತು ಸಂಗಡಿಗರು 2010ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ ಮಂಡಿಸಿದ ವಾದ ಇದೇ: ಮಹಿಳೆಯರಿಗೆ ಮೆಂಟರ್‌ಗಳು ಸಾಕಷ್ಟು ಸಿಗುತ್ತಾರೆ, ಸ್ಪಾನ್ಸರ್‌ಗಳು ಸಿಗುವುದಿಲ್ಲ, ಆದ್ದರಿಂದ ಸಲಹೆ ಕೇಳಿ ಕೇಳಿ ದಣಿದರೂ ಬಡ್ತಿ ಪುರುಷರ ಪಾಲಾಗುತ್ತದೆ. ಹಿರಿಯರು ತಮ್ಮನ್ನೇ ಹೋಲುವ ಕಿರಿಯರನ್ನು ಸಹಜವಾಗಿ ಹತ್ತಿರ ಸೇರಿಸಿಕೊಳ್ಳುತ್ತಾರೆ ಎಂಬುದು ಇದರ ಹಿಂದಿನ ಕಾರಣ. ಅಮೆರಿಕದಲ್ಲಿ ಆ ಹೋಲಿಕೆ ಬಣ್ಣ ಮತ್ತು ಲಿಂಗದ್ದಾದರೆ, ನಮ್ಮಲ್ಲಿ ಅದಕ್ಕೆ ಜಾತಿ, ಊರು, ಓದಿದ ಕಾಲೇಜು ಮತ್ತು ಇಂಗ್ಲಿಷಿನ ಉಚ್ಚಾರವೂ ಸೇರಿಕೊಳ್ಳುತ್ತವೆ. ಯಾರದೋ ಭಾವನ ಸಹಪಾಠಿ ದೊಡ್ಡ ಕಂಪನಿಯಲ್ಲಿದ್ದಾರೆ, ಯಾರದೋ ಚಿಕ್ಕಪ್ಪ ವಿಶ್ವವಿದ್ಯಾಲಯದಲ್ಲಿದ್ದಾರೆ ಎಂಬ ಕೊಂಡಿಗಳ ಮೂಲಕ ಕೆಲವು ಮನೆಗಳ ಮಕ್ಕಳಿಗೆ ಮೆಂಟರಿಂಗ್ ಎಂಬ ಹೆಸರೂ ಇಲ್ಲದೆ ಅದರ ಫಲ ದಕ್ಕುತ್ತದೆ. ಮನೆಯಲ್ಲಿ ಮೊದಲಿಗರಾಗಿ ಪದವಿ ಪಡೆದವರಿಗೆ ಅಂತಹ ಕೊಂಡಿ ಇಲ್ಲವೆಂಬುದೇ ಅಂಕಪಟ್ಟಿಯಲ್ಲಿ ಕಾಣದ ಕೊರತೆ.

ಈ ಕೊರತೆ ತುಂಬಲು ಸಂಸ್ಥೆಗಳು ತಾವೇ ಜೋಡಿ ಮಾಡಿಕೊಡುವ ಪದ್ಧತಿ ಬಂದಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತನ್ನ ಮೌಲ್ಯಮಾಪನದಲ್ಲಿ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳೆಂಬ ಲೆಕ್ಕ ಕೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಅಧ್ಯಾಪಕರಿಗೆ ನೆರವಾಗುವ ಹಿರಿಯರ ರಾಷ್ಟ್ರೀಯ ಮೆಂಟರಿಂಗ್ ಅಭಿಯಾನವೊಂದನ್ನು ಪ್ರಸ್ತಾಪಿಸಿದೆ. ಆದರೆ ಲೆಕ್ಕ ಕೇಳಿದ ಕಡೆ ಲೆಕ್ಕವಷ್ಟೇ ಸಿಗುವ ಅಪಾಯವಿದೆ: ಹಾಜರಿ ಕಡಿಮೆಯಾದವರನ್ನು ಕರೆದು ಎಚ್ಚರಿಸಿ ಪುಸ್ತಕದಲ್ಲಿ ಸಹಿ ಪಡೆಯುವುದನ್ನು ಮೆಂಟರಿಂಗ್ ಎನ್ನಲಾಗದು. ಬೆಲ್ ರೋಸ್ ರ‍್ಯಾಗಿನ್ಸ್ ಮತ್ತು ಜಾನ್ ಕಾಟನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾನಾಗಿ ಬೆಳೆದ ಮೆಂಟರ್ ಸಂಬಂಧದಿಂದ ಪ್ರಯೋಜನ ಪಡೆದವರಿಗೆ ಹೋಲಿಸಿದರೆ ಸಂಸ್ಥೆಯೇ ಮೆಂಟರ್ ಜೋಡಿಸಿಕೊಟ್ಟ ಕಿರಿಯರು ಪಡೆದ ನೆರವೂ ವೇತನವೂ ಕಡಿಮೆ. ಹದಿಹರೆಯದವರ ವಿಷಯದಲ್ಲಂತೂ ಅರೆಮನಸ್ಸಿನ ಮೆಂಟರಿಂಗ್ ಹಾನಿಯನ್ನೇ ಮಾಡಬಹುದು. ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ಅಮೆರಿಕದ ಹಳೆಯ ಸ್ವಯಂಸೇವಾ ಸಂಸ್ಥೆಯ ಮಾಹಿತಿಯನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ವಿಶ್ಲೇಷಿಸಿದಾಗ, ಒಂದು ವರ್ಷ ದಾಟಿದ ಸಂಬಂಧಗಳಿಂದ ಮಕ್ಕಳಿಗೆ ಹೆಚ್ಚಿನ ಲಾಭವಾದದ್ದೂ, ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆಗಳಲ್ಲಿ ಮಕ್ಕಳ ಆತ್ಮಗೌರವ ಮೊದಲಿಗಿಂತ ಕುಸಿದದ್ದೂ ಕಂಡುಬಂತು. ಕೈಹಿಡಿದು ನಡುವೆ ಬಿಡುವುದಕ್ಕಿಂತ ಹಿಡಿಯದಿರುವುದೇ ಲೇಸು ಎನ್ನುವಷ್ಟು ಸ್ಪಷ್ಟವಾದ ಫಲಿತಾಂಶವಿದು.

ವಯಸ್ಸಿನ ಹಿರಿತನ ಮೆಂಟರಿಂಗ್‌ಗೆ ಅನಿವಾರ್ಯವೆಂದೇನೂ ಇಲ್ಲ. 1999ರಲ್ಲಿ ಜನರಲ್ ಎಲೆಕ್ಟ್ರಿಕ್ ಮುಖ್ಯಸ್ಥ ಜ್ಯಾಕ್ ವೆಲ್ಚ್ ತಮ್ಮ ಸುಮಾರು 500 ಉನ್ನತ ಅಧಿಕಾರಿಗಳನ್ನು ಇಂಟರ್‌ನೆಟ್ ಕಲಿಯಲು ಕಿರಿಯ ನೌಕರರ ಬಳಿಗೆ ಕಳುಹಿಸಿದ್ದರಿಂದ ‘ರಿವರ್ಸ್ ಮೆಂಟರಿಂಗ್’ ಎಂಬ ಹೆಸರು ಬಳಕೆಗೆ ಬಂತು. ಅದು ಬಹುಮಟ್ಟಿಗೆ ಬೋಧನೆಯೇ ಆಗಿತ್ತೆಂಬುದು ಬೇರೆ ಮಾತು.

ಹಾಗಾದರೆ ಯಾರಿಗೆ ಯಾವುದು ಬೇಕು? ದಾರಿ ಗೊತ್ತಿದ್ದು ಕಾಲು ಮುಂದೆ ಸಾಗದವರಿಗೆ, ಅಂದರೆ ಕ್ಷೇತ್ರವನ್ನು ಬಲ್ಲವರಾದರೂ ಸಭೆಯಲ್ಲಿ ಬಾಯಿ ತೆರೆಯಲು ಹಿಂಜರಿಯುವ, ಸಿಟ್ಟನ್ನು ಹತೋಟಿಯಲ್ಲಿಡಲಾಗದ, ಕೆಲಸ ಹಂಚಲಾಗದ ನಡುವಯಸ್ಸಿನ ಅಧಿಕಾರಿಗೆ ಕೋಚ್ ಉಪಯುಕ್ತ. ಕಾಲಿನಲ್ಲಿ ಕಸುವಿದ್ದು ದಾರಿ ಕಾಣದವರಿಗೆ, ಅಂದರೆ ಕಲಬುರಗಿಯ ಹಳ್ಳಿಯಿಂದ ಬೆಂಗಳೂರಿಗೆ ಬಂದು ಮೊದಲ ಕೆಲಸಕ್ಕೆ ಸೇರಿದ, ಸಂಬಳದ ಬಗ್ಗೆ ಚೌಕಾಸಿ ಮಾಡಬಹುದೆಂಬುದೇ ತಿಳಿಯದ, ಫೆಲೋಶಿಪ್‌ಗೆ ಅರ್ಜಿ ಹಾಕಲು ಪ್ರಾಧ್ಯಾಪಕರಿಗೆ ಪತ್ರ ಬರೆಯುವುದು ಹೇಗೆಂದು ಗೊತ್ತಿಲ್ಲದ ಯುವತಿಗೆ ಕೋಚ್‌ನ ಪ್ರಶ್ನೆಗಳಿಂದ ಪ್ರಯೋಜನವಿಲ್ಲ. ಉತ್ತರ ಒಳಗೇ ಇದೆ, ಹುಡುಕು ಎಂದರೆ ಇಲ್ಲದ ಉತ್ತರವನ್ನು ಹುಡುಕಿಸಿದಂತಾಗುತ್ತದೆ. ಆಕೆಗೆ ಬೇಕಾದದ್ದು ಆ ದಾರಿಯಲ್ಲಿ ನಡೆದು ಬಂದವರು. ನಿದ್ದೆ ಬಾರದ, ಊಟ ಸೇರದ, ಬದುಕೇ ಬೇಡವೆನಿಸುವ ಸ್ಥಿತಿಯಲ್ಲಿ ಇವರಿಬ್ಬರೂ ಸಲ್ಲರು. ಅಲ್ಲಿ ಮನೋವೈದ್ಯರನ್ನೋ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರಾದ ಚಿಕಿತ್ಸಾ ಮನೋವಿಜ್ಞಾನಿಯನ್ನೋ ಕಾಣಬೇಕು. ನೇರ ಮೇಲಧಿಕಾರಿಯೇ ಮೆಂಟರ್ ಆಗುವ ಪದ್ಧತಿಯನ್ನೂ ಅನುಮಾನದಿಂದಲೇ ನೋಡಬೇಕಾಗುತ್ತದೆ, ಏಕೆಂದರೆ ವರ್ಷದ ಕೊನೆಗೆ ಅಂಕ ಹಾಕುವವರ ಮುಂದೆ ಯಾರೂ ತಮ್ಮ ದೌರ್ಬಲ್ಯವನ್ನು ಬಿಚ್ಚಿಡುವುದಿಲ್ಲ.

ಇನ್ನು ಮಾರುಕಟ್ಟೆಯ ಮಾತು. ಕೋಚ್ ಎಂದು ಫಲಕ ಹಾಕಿಕೊಳ್ಳಲು ಭಾರತದಲ್ಲಿ ಯಾವ ಪರವಾನಗಿಯೂ ಬೇಕಿಲ್ಲ. ವಾರಾಂತ್ಯದ ಶಿಬಿರ ಮುಗಿಸಿದವರೂ ಲೈಫ್ ಕೋಚ್ ಆಗಬಹುದು. ಆದ್ದರಿಂದ ಹಣ ಕೊಡುವ ಮುನ್ನ ತರಬೇತಿ ಎಲ್ಲಿ ಆಯಿತು, ಎಷ್ಟು ಗಂಟೆಗಳ ಅನುಭವವಿದೆ, ಗುರಿ ಈಡೇರಿತೆಂದು ತಿಳಿಯುವುದು ಹೇಗೆ, ನಡುವೆ ನಿಲ್ಲಿಸಿದರೆ ಹಣದ ಗತಿಯೇನು ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಒಳ್ಳೆಯ ಕೋಚ್ ಇದಕ್ಕೆ ಬೇಸರಿಸುವುದಿಲ್ಲ. ಕೋಚಿಂಗ್ ಒಂದು ಸೇವೆ, ಅದಕ್ಕೆ ಶುಲ್ಕ ನ್ಯಾಯವೇ. ಆದರೆ ಮೂರು ತಿಂಗಳ ಮೆಂಟರ್‌ಶಿಪ್ ಪ್ಯಾಕೇಜ್ ಎಂಬ ಜಾಹೀರಾತು ಕಂಡರೆ ಅಲ್ಲಿ ಮಾರಾಟವಾಗುತ್ತಿರುವುದು ಕೋಚಿಂಗ್ ಅಥವಾ ಪಾಠ, ಮೆಂಟರಿಂಗ್ ಅಲ್ಲ ಎಂದು ತಿಳಿಯಬೇಕು. ಹಣ ಪಡೆದವರು ತಮ್ಮ ಹೆಸರನ್ನು ಅಪರಿಚಿತರಿಗಾಗಿ ಪಣಕ್ಕಿಡುವುದಿಲ್ಲ, ಇಡಬೇಕೆಂದು ಅವರಿಂದ ನಿರೀಕ್ಷಿಸುವುದೂ ತಪ್ಪು.

ಕೋಚ್‌ಗಳ ಸಂಖ್ಯೆಯನ್ನು ಮಾರುಕಟ್ಟೆ ತಾನೇ ಹೆಚ್ಚಿಸಿಕೊಳ್ಳುತ್ತದೆ, ಅದಕ್ಕೆ ಯಾರ ಶಿಫಾರಸೂ ಬೇಡ. ಮೆಂಟರ್‌ಗಳು ಮಾತ್ರ ಸ್ವಇಚ್ಛೆಯಿಂದಲೇ ಬರಬೇಕು. ಬ್ಯಾಂಕು, ಶಾಲೆ, ಆಸ್ಪತ್ರೆ, ಕಾರ್ಖಾನೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದಶಕಗಳ ಕಾಲ ದುಡಿದು ನಿವೃತ್ತರಾದ ಹಿರಿಯರು, ತಮ್ಮ ಬಂಧುವಲ್ಲದ, ತಮ್ಮ ಜಾತಿಯಲ್ಲದ, ತಮ್ಮ ಊರಿನದೂ ಅಲ್ಲದ ಒಬ್ಬ ಹುಡುಗ ಅಥವಾ ಹುಡುಗಿಗೆ ತಿಂಗಳಿಗೆ ಒಂದೆರಡು ಗಂಟೆಗಳನ್ನು ಕನಿಷ್ಠ ಒಂದು ವರ್ಷವಾದರೂ ತಪ್ಪದೆ ಕೊಡಲು ಮುಂದಾಗಬೇಕು.